ಅಡುಗೆಮನೆಯ ಹಿಂದಿನ ಕಣ್ಣು

ತುಂಬ ಹೊತ್ತು ಹಾಡಿದ ರೇಡಿಯೋದ ಬೆನ್ನಿಗೆ ಒಂದು ವಾಸನೆ ಇರುತ್ತಿತ್ತು. ಕಾದ ಧೂಳು, ಕಾದ ಮರ, ಎಲ್ಲೋ ಒಳಗೆ ಸ್ವಲ್ಪ ಬೆಸುಗೆ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ನಾನು ಅವರ ಮೇಜಿನ ಕೆಳಗೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಆ ವಾಸನೆ ಬಂದರೆ ಈಗಲೂ ನನಗೆ ಏಳು ವರ್ಷ.

ಆ ಸೋಮವಾರ ಬೆಳಿಗ್ಗೆ ಅದೇ ವಾಸನೆಗೆ ಎಚ್ಚರವಾಯಿತು. ನನ್ನ ತಮ್ಮನ ಮಗನ ಮೇಜಿನ ಮೇಲೆ ಬಿಳಿಯ ಪೆಟ್ಟಿಗೆಯೊಂದು ಹಗಲೂ ರಾತ್ರಿ ಬೆಚ್ಚಗೆ ಕೂತಿರುತ್ತಿತ್ತು. ವಾಸನೆ ಅದರದು. ಇನ್ನೂ ಪೂರ್ತಿ ಕಣ್ಣು ಬಿಟ್ಟಿರಲಿಲ್ಲ, ಹೊರಗೆ ಕೂಗು ಕೇಳಿಸಿತು—

"ಸ್ಟೋರಲ್ಲಿ ಮೆಷಿನ್ ಇಲ್ಲ! ಪೆಟ್ಟಿಗೆ ಸಮೇತ ಇಲ್ಲ!"

ಬೋಳುಗುಡ್ಡಗಳ ಸಾಲಿನ ಮೇಲೆ ದೊಡ್ಡ ವಿದ್ಯುತ್ ಲೈನಿಗೆ ಗೋಪುರ ನಿಲ್ಲಿಸುವ ಕೆಲಸ ಅದು. ಹತ್ತಿರದ ಊರಿಗೆ ಜೀಪಿನಲ್ಲಿ ಎರಡು ಗಂಟೆಯ ದಾರಿ. ಹತ್ತು ಗೋಪುರ ಎದ್ದವೆಂದರೆ ಕ್ಯಾಂಪು ಕಿತ್ತು ಮುಂದಿನ ಗುಡ್ಡಕ್ಕೆ. ತಮ್ಮನ ಮಗ ಅಲ್ಲಿ ಎಂಜಿನಿಯರ್. ಊರಿಗೆಲ್ಲ ಎಂಜಿನಿಯರ್ ಸಾಹೇಬನಾದರೂ ನನಗೆ ಪುಟ್ಟ. ತಾಯಿಯಿಲ್ಲದ ಮಗುವೆಂದು ನಾನೇ ಸಾಕಿದವನು. ಕ್ಯಾಂಪು ಬದಲಾಯಿಸುವ ವಾರದಲ್ಲೇ ಅವನಿಗೆ ಜ್ವರ ಬಂತು. ನೋಡಿಕೊಳ್ಳಲು ಬಂದವಳು ಮೂರು ವಾರ ಉಳಿದಿದ್ದೆ.

ಗೋಡೆಯಿಲ್ಲದ, ಕರೆಂಟಿಲ್ಲದ ಜಾಗ. ಅದಕ್ಕೇ ಕಂಪನಿಯ ಮಾಲೀಕರು ಎಲ್ಲಿಗೆ ಬೇಕಾದರೂ ಹೊತ್ತೊಯ್ಯುವಂಥ ವೈರ್‌ಲೆಸ್ ಕಾವಲು ವ್ಯವಸ್ಥೆ ತರಿಸಿದ್ದರು. ಮೇಜಿನ ಮೇಲಿನ ಬಿಳಿ ಪೆಟ್ಟಿಗೆ ಅದರ ತಾಯಿ. ಚಾವಣಿಯ ಮೇಲೊಂದು ಸೋಲಾರ್ ಹಲಗೆ. ಮುಷ್ಟಿ ಗಾತ್ರದ ನಾಲ್ಕು ಸೆನ್ಸರುಗಳನ್ನು ಕಬ್ಬಿಣದ ಸರಳಿನ ತುದಿಗೆ ಕೂರಿಸಿ ನೆಲದಲ್ಲಿ ನೆಟ್ಟಿದ್ದರು. ಗೇಟಿಗೆ ಒಂದು, ಸ್ಟೋರಿನ ಬಾಗಿಲಿಗೆ ಒಂದು, ಅಡುಗೆಮನೆಯ ಹಿಂದೆ ಒಂದು, ಎಂಜಿನಿಯರ್ ಕೊಠಡಿಯ ಹಿಂದೆ ಒಂದು. ಎಲ್ಲರೂ ಅವನ್ನು 'ಕಣ್ಣು' ಎನ್ನುತ್ತಿದ್ದರು. ಕಣ್ಣಿನ ಮುಂದೆ ಯಾರಾದರೂ ಹಾದರೆ ಮಾಲೀಕರ ಫೋನಿಗೂ ಪುಟ್ಟನ ಫೋನಿಗೂ ಮೆಸೇಜು—ಯಾವ ಜಾಗ, ಎಷ್ಟು ಗಂಟೆ. ಮೊದಲು ಸೈರನ್ನೂ ಕೂಗುತ್ತಿತ್ತಂತೆ. ಮೇಕೆ ಬಂದರೂ ಕೂಗಿ ಕೂಗಿ ಪ್ರಾಣ ತಿಂದಿದ್ದಕ್ಕೆ ಅದರ ಬಾಯಿ ಕಟ್ಟಿದ್ದರು.

ಕಾಣೆಯಾದದ್ದು ಟೋಟಲ್ ಸ್ಟೇಷನ್. ಮೂರು ಕಾಲಿನ ಮೇಲೆ ಕೂರಿಸಿ ದೂರ, ಎತ್ತರ, ಕೋನ ಎಲ್ಲ ಅಳೆಯುವ ಯಂತ್ರ. ಹಳದಿ ಪೆಟ್ಟಿಗೆಯಲ್ಲಿರುತ್ತಿತ್ತು. ಅದರ ಬೆಲೆಗೆ ಒಂದು ಒಳ್ಳೆಯ ಕಾರು ಬರುತ್ತದೆ.

ಬೀಗ ಒಡೆದಿರಲಿಲ್ಲ. ಬೀಗಕ್ಕೆ ಇದ್ದದ್ದು ಎರಡೇ ಕೀ. ಒಂದು ಪುಟ್ಟನ ಜೇಬಿನಲ್ಲಿ. ಇನ್ನೊಂದು ಅಡುಗೆಮನೆಯ ಮೊಳೆಗೆ, ಏಕೆಂದರೆ ದಿನಸಿ ಮೂಟೆಗಳೂ ಸ್ಟೋರಿನಲ್ಲೇ ಇದ್ದವು.

ಭಾನುವಾರ ರಜೆ. ಕೆಲಸದವರೆಲ್ಲ ಲಾರಿ ಹತ್ತಿ ಊರಿಗೆ ಹೋಗಿದ್ದರು. ಪುಟ್ಟ ಬೆಳಿಗ್ಗೆ ಏಳಕ್ಕೆ ಕಾವಲು ಪೆಟ್ಟಿಗೆ ಚಾಲೂ ಮಾಡಿ, ದೂರದ ಗೋಪುರಗಳ ಪಾಯದ ಗುಂಡಿಗಳನ್ನು ನೋಡಿ ಬರುತ್ತೇನೆಂದು ಬೈಕಿನಲ್ಲಿ ಹೊರಟ. ಬಂದದ್ದು ಸಂಜೆ. ಕ್ಯಾಂಪಿನಲ್ಲಿ ಉಳಿದವರು ಮೂವರು. ಗೇಟಿನಲ್ಲಿ ಕಾವಲುಗಾರ ಸೀಟಿ ಮಾಮ. ಅಡುಗೆಮನೆಯಲ್ಲಿ ಅಡುಗೆ ಅಕ್ಕ. ಎಂಜಿನಿಯರ್ ಕೊಠಡಿಯೊಳಗೆ, ಮಂಡಿನೋವಿನ ನಾನು.

ಮಧ್ಯಾಹ್ನಕ್ಕೆ ಮಾಲೀಕರು ಬಂದರು. ಪುಟ್ಟ ತನ್ನ ಫೋನು ನೋಡಿ ಒಂದು ಕಾಗದದ ಮೇಲೆ ನಾಲ್ಕು ಸಾಲು ಬರೆದುಕೊಟ್ಟ.

೧೧.೪೨—ಅಡುಗೆಮನೆ.
೧೧.೪೪—ಸ್ಟೋರ್.
೧೧.೫೧—ಸ್ಟೋರ್.
೧೧.೫೩—ಅಡುಗೆಮನೆ.

ಅಡುಗೆಮನೆಯ ಹಿಂದಿನಿಂದ ಹೊರಟು, ಸ್ಟೋರ್ ಹೊಕ್ಕು, ಏಳು ನಿಮಿಷ ಬಿಟ್ಟು ಹೊರಬಂದು, ಮತ್ತೆ ಅಡುಗೆಮನೆಯ ಹಿಂದಕ್ಕೆ. ಬೇರೆ ಏನು ಬೇಕು?

"ನಾನು ತಗೊಂಡಿಲ್ಲ" ಎಂದಳು ಅಡುಗೆ ಅಕ್ಕ. ಅಷ್ಟೇ.

ಮಾಲೀಕರು ನನ್ನ ಕಡೆ ತಿರುಗಿದರು. "ಅಮ್ಮಾ, ನೀವು ದೊಡ್ಡೋರು. ನಿನ್ನೆ ಏನಾದ್ರೂ ನೋಡಿದ್ರಾ?"

ನೋಡಿದ್ದೆ. ಕಿಟಕಿಯಿಂದ.

"ಆಕೆ ಸ್ಟೋರ್ ಕಡೆ ಹೋಗ್ತಿದ್ಲು. ಕಂಕುಳಲ್ಲಿ ಹಳದಿ ಬಣ್ಣದ್ದು ಏನೋ ಇತ್ತು" ಎಂದೆ.

ಯಂತ್ರದ ಪೆಟ್ಟಿಗೆ ಹಳದಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅಡುಗೆ ಅಕ್ಕ ನನ್ನನ್ನು ಒಮ್ಮೆ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

"ನಾಳೆ ನಾಲ್ಕು ಗಂಟೆವರೆಗೆ ಟೈಮು" ಎಂದರು ಮಾಲೀಕರು. "ಎಲ್ಲಿಟ್ಟಿದ್ದೀಯೋ ತಂದುಕೊಡು. ಇಲ್ಲಾಂದ್ರೆ ಜೀಪಲ್ಲಿ ಸೀದಾ ಪೊಲೀಸ್ ಠಾಣೆ. ಆಮೇಲೆ ಯಾವ ಕ್ಯಾಂಪಲ್ಲೂ ನಿನ್ನ ಒಲೆ ಹತ್ತಲ್ಲ."

ಅದು ಬರೀ ಬೆದರಿಕೆಯಲ್ಲ. ಇಂಥ ಕ್ಯಾಂಪುಗಳ ಲೋಕ ಚಿಕ್ಕದು. ಒಬ್ಬ ಮಾಲೀಕ 'ಕಳ್ಳಿ' ಎಂದರೆ ಹತ್ತು ಗುಡ್ಡಕ್ಕೆ ಕೇಳಿಸುತ್ತದೆ. ಆಕೆಗೆ ಗಂಡನಿಲ್ಲ. ಹದಿನೆಂಟು ವರ್ಷದಿಂದ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಆ ಒಲೆಯೇ ಆಕೆಯ ಮನೆ.

ಆ ದಿನ ಸಂಜೆಯೂ ಆಕೆ ನನಗೆ ಸ್ನಾನಕ್ಕೆ ಬಿಸಿನೀರು ತಂದಿಟ್ಟಳು. ಬಕೆಟ್ಟನ್ನು ನಾನು ಬಗ್ಗದೆ ಎಟುಕುವಂತೆ ಸ್ಟೂಲಿನ ಮೇಲೆ ಇಟ್ಟಳು.

ನನಗೆ ಸಮಾಧಾನವಿರಲಿಲ್ಲ. ಬೆಳಗಾಗುತ್ತಲೇ ನಾದಿನಿಗೆ ಫೋನ್ ಮಾಡಿದೆ.

ನಾದಿನಿ ಎಂದರೆ ನನ್ನ ಯಜಮಾನರ ತಂಗಿ. ಮೂವತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಲೈನ್ ದೋಷ ಹುಡುಕುವ ಕೆಲಸ ಮಾಡಿದವಳು. ನೂರು ಮೈಲಿ ತಂತಿಯಲ್ಲಿ ಎಲ್ಲಿ ಕಾಗೆ ಕೂತಿದೆ ಎಂದು ಕಚೇರಿಯಲ್ಲೇ ಕೂತು ಹೇಳುತ್ತಾಳೆ ಎಂದು ಅವಳ ಜೊತೆಯವರು ತಮಾಷೆ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ನೆಂಟರಿಷ್ಟರ ಕಳೆದುಹೋದ ಓಲೆ, ಉಂಗುರ, ಒಮ್ಮೆ ಒಬ್ಬ ಅಳಿಯ—ಎಲ್ಲ ಹುಡುಕಿಕೊಟ್ಟಿದ್ದಳು.

ಹನ್ನೊಂದಕ್ಕೆ ಸಿಮೆಂಟ್ ಲಾರಿಯಿಂದ ಇಳಿದಳು. ತಲೆತುಂಬ ಬಿಳಿ ಧೂಳು.

"ಅತ್ತಿಗೆ, ನಿಮ್ಮ ಮುಖ ಯಾಕೆ ಹೀಗಾಗಿದೆ? ಕಳ್ಳತನ ನೀವೇ ಮಾಡಿದ ಹಾಗಿದೆಯಲ್ಲ!"

ನಾನು ನಗಲಿಲ್ಲ. ಎಲ್ಲ ಹೇಳಿದೆ. ಎಲ್ಲ ಎಂದರೆ, ಒಂದನ್ನು ಬಿಟ್ಟು.

ಮೊದಲು ಸೀಟಿ ಮಾಮನ ಹತ್ತಿರ ಹೋದೆವು. ಕೊರಳಿಗೆ ಸೀಟಿ ಕಟ್ಟಿಕೊಂಡು ಗೇಟಿನ ಪಕ್ಕ ಕೂತಿದ್ದ. ಕಣ್ಣುಗಳು ಬಂದ ಮೇಲೆ ಅವನ ಸೀಟಿಗೆ ಕೆಲಸ ಕಡಿಮೆಯಾಗಿತ್ತು. ಆ ಸಿಟ್ಟು ಅವನಿಗಿತ್ತು.

"ಭಾನುವಾರ ಗೇಟಲ್ಲಿ ಯಾರು ಬಂದ್ರು?"

"ನೊಣಾನೂ ಬರಲಿಲ್ಲ ತಾಯಿ. ಏಳಕ್ಕೆ ಸಾಹೇಬ್ರು ಹೋದ್ರು, ಸಂಜೆ ಐದೂವರೆಗೆ ಬಂದ್ರು."

"ಗೇಟು ಬಿಟ್ಟು ಒಳಗೆ ಬರೋ ದಾರಿ ಇಲ್ವಾ?"

"ಇದೆ. ಹಿಂದಗಡೆ ಕಣಿವೆಯಿಂದ ಕಾಲುದಾರಿ. ಮೇಕೆ ಹತ್ತೋ ದಾರಿ. ಅಲ್ಲಿ ಆ ಕಣ್ಣುಗಳಿವೆಯಲ್ಲ, ನೋಡಿಕೊಳ್ಳಲಿ! ನಾನ್ಯಾಕೆ ಬೇಕು?"

"ಆ ಕಣ್ಣುಗಳನ್ನ ಇಲ್ಲಿ ನೆಟ್ಟೋರು ಯಾರು?"

"ಇನ್ಯಾರು, ನಾನೇ. ಹಳೇ ಕ್ಯಾಂಪಲ್ಲಿ ಸಾಹೇಬ್ರೇ ನೆಟ್ಟಿದ್ರು. ಈ ಸಲ ಅವರು ಜ್ವರದಲ್ಲಿ ಮಲಗಿದ್ರಲ್ಲ. ನಾಲ್ಕನ್ನೂ ಗೋಣಿಚೀಲಕ್ಕೆ ತುಂಬಿ ತಂದ್ರು. ಕೈಗೆ ಸಿಕ್ಕಿದ್ದನ್ನ ನೆಟ್ಟೆ. ಕಣ್ಣು ಕಣ್ಣೇ ಅಲ್ವಾ ತಾಯಿ, ಅದರಲ್ಲಿ ಎಡಗಣ್ಣು ಬಲಗಣ್ಣು ಅಂತ ಇರುತ್ತಾ?"

ನಾದಿನಿ ನಕ್ಕಳು. "ಇಲ್ಲಿಗೆ ಬಂದ ಮೇಲೆ ಎಷ್ಟು ಸಲ ಚಾಲೂ ಮಾಡಿದ್ರು?"

"ಇದೇ ಮೊದಲು. ಹಿಂದಿನ ಎರಡು ಭಾನುವಾರ ಕೆಲಸ ನಡೀತಲ್ಲ. ಜನ ಓಡಾಡೋವಾಗ ಪೆಟ್ಟಿಗೆಗೆ ಕರೆಂಟು ಇರುತ್ತೆ ಅಷ್ಟೆ, ಕಾವಲು ಚಾಲೂ ಮಾಡಲ್ಲ."

ಅಲ್ಲಿಂದ ಅಡುಗೆಮನೆಗೆ. ತಗಡಿನ ಶೆಡ್ಡು. ಆಕೆ ಅರವತ್ತು ಜನರ ಮಧ್ಯಾಹ್ನದ ಅಡುಗೆ ಮುಗಿಸಿ ನೆಲ ಒರೆಸುತ್ತಿದ್ದಳು. ಮೂಲೆಯಲ್ಲಿ ಕಟ್ಟಿಟ್ಟ ಬಟ್ಟೆಯ ಚೀಲ. ನಮ್ಮನ್ನು ಕಂಡು ನನಗೆ ಒಂದು ಕುರ್ಚಿ ಎಳೆದು ಹಾಕಿದಳು. ಅದರ ಅಲುಗುವ ಕಾಲಿಗೆ ರಟ್ಟಿನ ಚೂರು ಸಿಕ್ಕಿಸಿದಳು.

"ಭಾನುವಾರ ಏನೇನು ಮಾಡಿದಿರಿ?" ನಾದಿನಿ ನೆಲದ ಮೇಲೇ ಕೂತು ಕೇಳಿದಳು.

"ಮೂರು ಜನರ ಅಡುಗೆ. ಆಮೇಲೆ ದೊಡ್ಡ ಪಾತ್ರೆಗಳನ್ನೆಲ್ಲ ಹಿಂದೆ ಹಾಕ್ಕೊಂಡು ಉಜ್ಜಿದೆ. ನೀರಿನ ಡ್ರಮ್ಮು, ಕಲ್ಲು ಎಲ್ಲ ಹಿಂದೇನೇ ಇರೋದು. ದಿನವೆಲ್ಲ ಒಳಗೆ ಹೊರಗೆ, ಒಳಗೆ ಹೊರಗೆ."

"ಸ್ಟೋರಿಗೆ ಹೋಗಿದ್ರಾ?"

"ಇಲ್ಲ."

"ಆ ಹಳದಿ ಬಣ್ಣದ್ದು? ಅದೇನು?"

ಆಕೆ ಒರೆಸುವ ಬಟ್ಟೆ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಬೇರೆ ಏನು ಬೇಕಾದ್ರೂ ಕೇಳಿ ಅಮ್ಮ. ಅದೊಂದು ಬೇಡ."

"ಪೊಲೀಸ್ನೋರು ಕೇಳ್ತಾರೆ."

"ಅವರಿಗೂ ಹೇಳಲ್ಲ."

ಆಗ ನನಗೆ ಅರ್ಥವಾಯಿತು. ಅರ್ಥವಾಯಿತು ಎನ್ನುವುದು ಸುಳ್ಳು. ಗೊತ್ತಿದ್ದದ್ದನ್ನು ಒಳಗೆ ಎಲ್ಲೋ ಅದುಮಿ ಇಟ್ಟಿದ್ದೆ, ಅದು ಎದ್ದು ಕೂತಿತು.

ಭಾನುವಾರ ಬೆಳಿಗ್ಗೆ ನನ್ನ ಹಾಸಿಗೆ ಒದ್ದೆಯಾಗಿತ್ತು. ಈ ವಯಸ್ಸಿನಲ್ಲಿ ಆಗುತ್ತದೆ. ಆದರೂ ನಾನು ಕಾಲೇಜಿನಲ್ಲಿ ಓದಿದವಳು, ನೂರಾರು ಮಕ್ಕಳಿಗೆ ಪಾಠ ಹೇಳಿದವಳು, ನನಗೆ ಆಗಬಾರದಿತ್ತು ಎನ್ನಿಸಿತ್ತು. ಹೊದಿಕೆ, ಹಾಸು ಎಲ್ಲ ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳಿದ್ದೆ. ತಿಂಡಿ ತಿಂದು ಬಂದು ನೋಡಿದರೆ ಮಂಚದ ಮೇಲೆ ಒಗೆದ ಹಾಸು, ಮಡಿಕೆ ಇಲ್ಲದಂತೆ. ಮಂಚದ ಕೆಳಗೆ ಏನೂ ಇಲ್ಲ. ನಾನು ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಆಮೇಲೆ ಕಿಟಕಿಯಿಂದ ಕಂಡದ್ದು—ಹಳದಿ ಪ್ಲಾಸ್ಟಿಕ್ ಬುಟ್ಟಿ. ಬಟ್ಟೆ ಒಣಗಿಸುವ ಹಗ್ಗ ಇರುವುದು ಸ್ಟೋರಿಗೆ ಹೋಗುವ ದಾರಿಯಲ್ಲೇ.

ಅಷ್ಟು ಗಂಡಸರ ಮುಂದೆ ಆಕೆ ಬಾಯಿ ಮುಚ್ಚಿಕೊಂಡದ್ದು ನನ್ನ ಮಾನಕ್ಕಾಗಿ. ನಾನು ಬಾಯಿ ತೆರೆದದ್ದು ಯಾತಕ್ಕಾಗಿ? ನನ್ನ ಗುಟ್ಟು ತಿಳಿದ ಒಂದು ಜೀವ ಜೀಪು ಹತ್ತಿ ಹೋಗಿಬಿಟ್ಟರೆ ಸಾಕು ಎಂದು ಮನಸ್ಸಿನ ಯಾವುದೋ ಮೂಲೆಗೆ ಅನ್ನಿಸಿತ್ತೇ? ಇಲ್ಲ ಎಂದು ಆಣೆ ಮಾಡಲಾರೆ.

ಆಗಲೂ ನಾನು ಹೇಳಲಿಲ್ಲ. ಕುರ್ಚಿಯ ಮೇಲೆ ಕೂತೇ ಇದ್ದೆ. ನಾದಿನಿ ನನ್ನ ಮುಖ ನೋಡಿ, ಆಕೆಯ ಮುಖ ನೋಡಿ, ಸುಮ್ಮನೆ ಎದ್ದಳು.

ಪುಟ್ಟ ತನ್ನ ಕೊಠಡಿಯಲ್ಲಿ ನಕ್ಷೆ ಹರಡಿಕೊಂಡಿದ್ದ. ತಿಂಡಿಯ ತಟ್ಟೆ ಮುಟ್ಟದೆ ಪಕ್ಕದಲ್ಲಿತ್ತು. ಅಂಗೈಗೆ ಪಟ್ಟಿ. ಭಾನುವಾರ ಸಂಜೆ ಬೈಕಿನಿಂದ ಜಾರಿದೆ ಎಂದಿದ್ದ, ಮುಲಾಮು ಹಚ್ಚಿದವಳು ನಾನೇ.

"ಬಾ ಚಿಕ್ಕತ್ತೆ. ನಿನ್ನನ್ನೂ ಎಳಕೊಂಡು ಬಂದ್ರಾ ಅತ್ತೆ? ಏನಿದೆ ಇದರಲ್ಲಿ ಪತ್ತೆ ಮಾಡೋದು!"

"ಏನೂ ಇಲ್ಲಪ್ಪ. ಹಳೇ ಚಟ. ಈ ನಾಲ್ಕು ಸಾಲಷ್ಟೇ ಬಂದಿದ್ದಾ? ದಿನಕ್ಕೆಲ್ಲ?"

"ಉಳಿದದ್ದು ಮೇಕೆಗಳದು. ಬೇಡದ್ದನ್ನ ಬಿಟ್ಟೆ."

"ಬೇಡದ್ದೇ ನನಗೆ ಇಷ್ಟ. ಫೋನ್ ಕೊಡು."

"ಚಾರ್ಜ್ ಇಲ್ಲ ಚಿಕ್ಕತ್ತೆ."

"ಚಾವಣಿ ಮೇಲೆ ಸೋಲಾರ್ ಇಟ್ಕೊಂಡು ಚಾರ್ಜ್ ಇಲ್ಲ ಅಂತೀಯಾ?"

ಅವನು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ಆಮೇಲೆ ಕೊಡ್ತೀನಿ. ಈಗ ಲೈನ್ ಕೆಲಸ ಇದೆ."

ಹಾಗೆಂದು ಎದ್ದು ಹೋದ. ನಾದಿನಿ ಬಲವಂತ ಮಾಡಲಿಲ್ಲ. ಮೂರು ಗಂಟೆಗೆ ಮಾಲೀಕರ ಜೀಪು ಬಂದದ್ದೇ ತಡ, ಎದುರು ಹೋಗಿ ಕೈ ಚಾಚಿದಳು.

"ನಿಮ್ಮ ಫೋನ್ ಸ್ವಲ್ಪ ಕೊಡಿ ಸ್ವಾಮಿ. ಭಾನುವಾರದ ಮೆಸೇಜುಗಳು ಅದರಲ್ಲೂ ಇರ್ತವಲ್ಲ?"

"ಇವೆ. ಯಾರು ಓದ್ತಾರೆ ಅಷ್ಟನ್ನ? ಟಿಂಗ್ ಟಿಂಗ್ ಅಂತ ತಲೆ ತಿಂದ್ವು. ಮೇಕೆ ಅಂತ ಬಿಟ್ಟೆ."

ಅವಳು ಓದಿದಳು. ಬೆರಳಿನಿಂದ ಮೇಲೆ ತಳ್ಳುತ್ತಾ ಓದಿದಳು, ಎಣಿಸಿದಳು. ಒಮ್ಮೆ ತಲೆಯೆತ್ತಿ ದೂರದಲ್ಲಿ ನಿಂತಿದ್ದ ಪುಟ್ಟನನ್ನು ನೋಡಿದಳು. ಆಮೇಲೆ ನನ್ನ ತೋಳು ಹಿಡಿದು ಕೊಠಡಿಯ ಮರೆಗೆ ಕರೆದೊಯ್ದಳು.

"ಅತ್ತಿಗೆ, ಇದು ಸುತ್ತಿ ಸುತ್ತಿ ನಿಮ್ಮ ಮನೆ ಬಾಗಿಲಿಗೇ ಬರ್ತಾ ಇದೆ."

ನಾನು ಅವಳ ಕೈ ಬಿಗಿಹಿಡಿದೆ. "ಪುಟ್ಟನಾ?"

"ನೀವು ಬೇಡ ಅಂದ್ರೂ ನಾನು ಹೇಳೋಳೇ. ಆದ್ರೆ ನೀವೇ 'ಹೇಳು' ಅಂದ್ರೆ ಚೆನ್ನಾಗಿರುತ್ತೆ."

ಒಂದೇ ಮಾತು. ತಕ್ಷಣ ಹೇಳಬೇಕಿತ್ತು. ಆದರೆ ನನಗೆ ಅವನ ಮೊದಲ ಶಾಲೆಯ ಚೀಲ ನೆನಪಾಯಿತು, ಅವನ ಜ್ವರ ನೆನಪಾಯಿತು, ತಮ್ಮನ ಮುಖ ನೆನಪಾಯಿತು. ಆಕೆಗೇನು, ಇನ್ನೊಂದು ಊರಿನಲ್ಲಿ ಇನ್ನೊಂದು ಒಲೆ ಸಿಕ್ಕೀತು ಎಂದೂ ಅನ್ನಿಸಿತು. ಹೌದು, ಅನ್ನಿಸಿತು. ನಾದಿನಿ ಕಾದಳು. ಅವಳು ಕಾದ ಆ ಹೊತ್ತನ್ನು ನಾನು ಯಾವತ್ತೂ ಮರೆಯಲಾರೆ.

"ಹೇಳು" ಎಂದೆ.

ಸ್ಟೋರಿನ ಮುಂದೆ, ಅದರ ಕಣ್ಣಿಗೆ ಬೀಳದಷ್ಟು ದೂರದಲ್ಲಿ ಎಲ್ಲ ಸೇರಿದ್ದರು. ಅಡುಗೆ ಅಕ್ಕ ಚೀಲ ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ನಾದಿನಿ ಪುಟ್ಟನಿಗೆ ಹೇಳಿ ಕಾವಲು ಪೆಟ್ಟಿಗೆ ಚಾಲೂ ಮಾಡಿಸಿದಳು. ಮಾಲೀಕರ ಫೋನು ಅವರ ಕೈಗೇ ಕೊಟ್ಟಳು.

"ಸ್ವಾಮಿ, ಒಂದು ಸಣ್ಣ ಆಟ. ಬಂದದ್ದನ್ನ ಗಟ್ಟಿಯಾಗಿ ಓದಿ. ಅತ್ತಿಗೆ, ನೀವು ನಿಮ್ಮ ಕೊಠಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದು ಬನ್ನಿ."

ನಾನು ಕುಂಟುತ್ತಾ ನಡೆದೆ. ಸರಳಿನ ತುದಿಯ ಕಣ್ಣಿನಲ್ಲಿ ಸಣ್ಣ ಕೆಂಪು ಚುಕ್ಕಿ ಮಿನುಗಿತು. ಆಚೆಯಿಂದ ಟಿಂಗ್ ಎಂದು ಕೇಳಿಸಿತು.

"ಅಡುಗೆಮನೆ" ಎಂದು ಓದಿದರು ಮಾಲೀಕರು. ಹುಬ್ಬು ಗಂಟಿಕ್ಕಿದರು. "ಏನಿದು?"

"ಇನ್ನೊಂದು. ಅಕ್ಕಾ, ನೀವು ಅಡುಗೆಮನೆಯ ಹಿಂದೆ ಹೋಗಿ, ಡ್ರಮ್ಮಿನಿಂದ ಒಂದು ಚೊಂಬು ನೀರು ತನ್ನಿ."

ಟಿಂಗ್.

"ಎಂಜಿನಿಯರ್ ಕೊಠಡಿ!"

ಸೀಟಿ ಮಾಮ ತಲೆ ಕೆರೆದುಕೊಂಡ. "ಅಂದ್ರೆ ನಾನು ನೆಟ್ಟಿದ್ದು—"

"ಅದಲುಬದಲು. ನಿಮ್ಮ ತಪ್ಪಲ್ಲ ಮಾಮ, ನಿಮಗೆ ಯಾರೂ ಹೇಳ್ಲಿಲ್ಲ" ಎಂದಳು ನಾದಿನಿ. "ಕಣ್ಣು ಕಣ್ಣೇ, ಆದರೆ ಒಂದೊಂದಕ್ಕೂ ಹಳೇ ಕ್ಯಾಂಪಿನಲ್ಲಿ ಫೋನಿನೊಳಗೆ ಒಂದೊಂದು ಹೆಸರು ಬರೆದಿದ್ರು. ಕ್ಯಾಂಪು ಕಿತ್ತು ಬಂದಾಗ ಕಣ್ಣುಗಳು ಜಾಗ ಬದಲಾಯಿಸಿದ್ವು, ಹೆಸರು ಬದಲಾಗಲಿಲ್ಲ. ಗೇಟು, ಸ್ಟೋರು ಅದೃಷ್ಟಕ್ಕೆ ಸರಿಯಾಗಿ ಬಿದ್ವು. ಉಳಿದೆರಡು ತಿರುಗಾಮುರುಗ. ಆಮೇಲೆ ಮೂರು ವಾರ ಚಾಲೂ ಮಾಡದೇ ಇದ್ರೆ ಯಾರಿಗೆ ಗೊತ್ತಾಗುತ್ತೆ?"

"ಇದು ನಿಮಗೆ ಹೇಗೆ ಹೊಳೀತು?" ಮಾಲೀಕರು ಕೇಳಿದರು.

"ನೀವು ಮೇಕೆ ಅಂತ ಬಿಟ್ಟಿರಲ್ಲ, ಅದರಿಂದ. ಎಣಿಸಿ ನೋಡಿ. ಭಾನುವಾರ ದಿನವೆಲ್ಲ 'ಅಡುಗೆಮನೆ' ಅಂತ ಬಂದದ್ದು ಎಷ್ಟು ಸಲ? ಎರಡೇ ಸಲ! ದಿನಪೂರ್ತಿ ಹಿಂದೆ ಪಾತ್ರೆ ಉಜ್ಜಿದೋರು ಎರಡೇ ಸಲ ಓಡಾಡಿದ್ರಾ? 'ಎಂಜಿನಿಯರ್ ಕೊಠಡಿ' ಅಂತ ಎಷ್ಟು? ಮೂವತ್ತೊಂದು. ಎಂಜಿನಿಯರ್ ಏಳಕ್ಕೇ ಹೋದ. ಒಳಗಿದ್ದ ನಮ್ಮತ್ತಿಗೆಗೆ ಬಚ್ಚಲಿಗೆ ಹೋಗೋಕೇ ಅರ್ಧ ಗಂಟೆ ಬೇಕು, ಮೂವತ್ತೊಂದು ಸಲ ಹಿಂದೆ ಸುತ್ತಿದ್ರಾ? ಎಲ್ಲರೂ ಕಳ್ಳ ಬಂದ ನಾಲ್ಕು ಸಾಲು ನೋಡಿದ್ರಿ. ಕಳ್ಳ ಬರದೇ ಇದ್ದ ಮೂವತ್ತೊಂದು ಸಾಲು ಯಾರೂ ನೋಡಲಿಲ್ಲ."

ಗಾಳಿಗೆ ಸ್ಟೋರಿನ ತಗಡು ಪಟಪಟ ಎಂದಿತು.

"ಹಾಗಾದರೆ ಹನ್ನೊಂದು ನಲವತ್ತೆರಡಕ್ಕೆ ಒಬ್ಬರು ಬಂದದ್ದು ಅಡುಗೆಮನೆಯ ಹಿಂದಿನಿಂದಲ್ಲ. ಕಣಿವೆಯ ಕಾಲುದಾರಿ ಹತ್ತಿ, ಎಂಜಿನಿಯರ್ ಕೊಠಡಿಯ ಹಿಂದಿನಿಂದ. ಎರಡೇ ನಿಮಿಷದಲ್ಲಿ, ಅಡುಗೆಮನೆಯ ಮೊಳೆಗೆ ಹೋಗೋ ಪುರುಸೊತ್ತೂ ಇಲ್ಲದೆ ಬೀಗ ತೆಗೆದ್ರು. ಹಾಗೇ ಅದೇ ದಾರೀಲಿ ಇಳಿದ್ರು. ಇನ್ನೊಂದು ಕೀ ಇರೋದು ಒಬ್ಬರ ಜೇಬಿನಲ್ಲಿ. ಮೆಸೇಜಲ್ಲಿ 'ಅಡುಗೆಮನೆ' ಅಂತ ತಪ್ಪಾಗಿ ಬಂದಿದೆ ಅಂತ ಗೊತ್ತಾಗೋದೂ ಒಬ್ಬರಿಗೇ—ಆ ಹೊತ್ತಲ್ಲಿ ಅಲ್ಲಿ ನಡೆದೋರಿಗೆ. ಉಳಿದ ಮೆಸೇಜು ಬಿಟ್ಟು, ಬರೀ ನಾಲ್ಕು ಸಾಲು ಬರೆದುಕೊಟ್ಟದ್ದು ಯಾರು, ಪುಟ್ಟಾ?"

"ಸಾಕು ಚಿಕ್ಕತ್ತೆ" ಎಂದ ಅವನು. ನೆಲ ನೋಡುತ್ತಿದ್ದ. "ನಾನೇ."

"ಕದ್ದೆಯಾ?" ಮಾಲೀಕರು ನಂಬದೆ ಕೇಳಿದರು.

"ಕದಿಯೋಕಲ್ಲ ಸಾರ್. ನಲವತ್ತಮೂರನೇ ಗೋಪುರದ ಗುಂಡಿ ಎರಡಡಿ ಪಕ್ಕಕ್ಕೆ ಬಿದ್ದಿದೆ ಅಂತ ಅನುಮಾನ ಬಂತು. ಜ್ವರ ಪೂರ್ತಿ ಬಿಡೋ ಮೊದಲೇ ಎದ್ದು ಹೋಗಿ ಗುರುತು ಹಾಕಿದ್ದು. ಯಾರಿಗೂ ಗೊತ್ತಾಗದ ಹಾಗೆ ರಜಾ ದಿನ ಒಬ್ಬನೇ ಅಳೆದು ನೋಡೋಣ ಅಂತ... ಗೇಟಿಂದ ಒಯ್ದರೆ ಮಾಮ ಕೇಳ್ತಿದ್ದ, ಮೆಸೇಜು ನೀವು ಓದಲ್ಲ ಅಂತ ಗೊತ್ತಿತ್ತು. ಬೈಕು ಅಲ್ಲೇ ಬಿಟ್ಟು, ಕಣಿವೆ ಹತ್ತಿ ಬಂದು ಯಂತ್ರ ತಗೊಂಡು ಹೋದೆ. ಸ್ಟ್ಯಾಂಡನ್ನ ಸಡಿಲ ಕಲ್ಲಿನ ಮೇಲೆ ನಿಲ್ಲಿಸಿದ್ದೆ. ಗಾಳಿ ಬೀಸ್ತು. ಹಿಡ್ಕೊಳ್ಳೋಕೆ ಹೋದೆ..." ಅಂಗೈಯ ಪಟ್ಟಿ ನೋಡಿಕೊಂಡ. "ಬಂಡೆಯಿಂದ ಬಂಡೆಗೆ ಉರುಳಿ ಚೂರಾಯ್ತು."

"ಗುಂಡಿ?"

"ಸರಿಯಾಗೇ ಇತ್ತು ಸಾರ್. ಅಳೆದಾಗಿತ್ತು. ಒಂದಿಂಚೂ ಆಚೀಚೆ ಇರಲಿಲ್ಲ."

"ಯಂತ್ರ ಈಗ ಎಲ್ಲಿ?"

"ಅದೇ ಗುಂಡಿಯ ತಳದಲ್ಲಿ. ಗೋಣಿ ಮುಚ್ಚಿ ಮಣ್ಣು ಎಳೆದಿದ್ದೀನಿ."

ಮರುದಿನ ಆ ಗುಂಡಿಗೆ ಕಾಂಕ್ರೀಟು ಸುರಿಯುವುದಿತ್ತು. ಎಲ್ಲರಿಗೂ ಗೊತ್ತಿತ್ತು.

"ಯಂತ್ರ ಬಿತ್ತು ಅಂತ ಹೇಳಿದ್ರೆ ಬೈತಿದ್ದೆ ಕಣಯ್ಯಾ" ಎಂದರು ಮಾಲೀಕರು. "ಒಂದು ವಾರ ಬೈತಿದ್ದೆ. ಅಷ್ಟೇ ತಾನೆ? ಅದಕ್ಕೆ ಒಂದು ಹೆಂಗಸಿನ ಬಾಳನ್ನೇ ಗುಂಡಿಗೆ ಹಾಕೋದಾ?"

"ಮೊದಲು ಹಾಗೆ ಯೋಚನೆ ಇರಲಿಲ್ಲ ಸಾರ್. ಮೆಸೇಜಲ್ಲಿ ಅಡುಗೆಮನೆ ಅಂತ ಬಂತು. ಆಮೇಲೆ ಅತ್ತೆ ಹಳದಿ ಬಣ್ಣದ್ದೇನೋ ನೋಡಿದೆ ಅಂದ್ರು. ನಾನು ಸುಮ್ಮನಿದ್ರೆ ಸಾಕಿತ್ತು. ಸುಮ್ಮನಿದ್ದೆ."

ನನ್ನ ಮಾತಿನ ಮರೆಯಲ್ಲಿ ಅವನು ಅಡಗಿ ನಿಂತಿದ್ದ. ಮಾಲೀಕರು ನನ್ನ ಕಡೆ ತಿರುಗಿದರು, ಗೌರವದಿಂದಲೇ. "ಹಾಗಾದ್ರೆ ಅಮ್ಮಾ, ನೀವು ನೋಡಿದ ಆ ಹಳದಿ?"

ಅಡುಗೆ ಅಕ್ಕ ನನಗಿಂತ ಮುಂಚೆ ಬಾಯಿ ಹಾಕಿದಳು. "ಹೋಗ್ಲಿ ಬಿಡಿ ಸಾಹೇಬ್ರೆ. ಅಮ್ಮನವರ ಕಣ್ಣು ಮಂಜು. ಏನೋ ಕಂಡಿರುತ್ತೆ."

ಆಗಲೂ ನನಗೊಂದು ಬಾಗಿಲು ತೆರೆದು ಹಿಡಿದಿದ್ದಳು. ಅದರಲ್ಲಿ ನುಸುಳಿ ಹೋಗಬಹುದಿತ್ತು.

"ನನ್ನ ಕಣ್ಣು ಚೆನ್ನಾಗೇ ಇದೆ" ಎಂದೆ. "ಅದು ಬಟ್ಟೆ ಬುಟ್ಟಿ. ಅದರಲ್ಲಿದ್ದದ್ದು ನನ್ನ ಹಾಸಿಗೆ ಬಟ್ಟೆ. ಶನಿವಾರ ರಾತ್ರಿ ನಾನು ಹಾಸಿಗೆ ಒದ್ದೆ ಮಾಡ್ಕೊಂಡಿದ್ದೆ. ಮುಚ್ಚಿಟ್ಟಿದ್ದೆ. ಈಕೆ ಯಾರಿಗೂ ಹೇಳದೆ ಒಗೆದು ಹಾಕಿದ್ಲು. ನನಗೆ ಗೊತ್ತಿತ್ತು. ಗೊತ್ತಿದ್ದೂ ಇವಳ ಮೇಲೆ ಹೇಳಿದೆ."

ಗಂಡಸರೆಲ್ಲ ಬೇರೆ ಬೇರೆ ಕಡೆ ನೋಡಿದರು. ಸೀಟಿ ಮಾಮ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ನನ್ನ ಕಿವಿ, ಕೆನ್ನೆ ಎಲ್ಲ ಸುಡುತ್ತಿದ್ದವು.

ಆಕೆಯ ಮುಂದೆ ಹೋಗಿ ನಿಂತೆ. ಕ್ಷಮಿಸು ಎನ್ನಬೇಕಿತ್ತು. ಕೈ ಮುಗಿಯಲು ಹೋದೆ. ಆಕೆ ನನ್ನ ಎರಡೂ ಕೈ ಹಿಡಿದು ಕೆಳಗಿಳಿಸಿದಳು.

"ಬಿಸಿಲಲ್ಲಿ ನಿಲ್ಲಬೇಡಿ" ಎಂದಳು. ಆಮೇಲೆ ಮಾಲೀಕರಿಗೆ, "ನನ್ನ ಚೀಲ ಒಳಗಿಡ್ಲಾ?"

"ಇಡಮ್ಮ" ಎಂದರು ಅವರು. ಅವರ ದನಿಯೂ ಚಿಕ್ಕದಾಗಿತ್ತು. "ತಪ್ಪಾಯ್ತು."

ಪುಟ್ಟ ಆಕೆಯ ಹತ್ತಿರ ಹೋಗಲಿಲ್ಲ. ಹೋಗಲಾರದೆ ಹೋದ ಎಂದು ನನಗೆ ಗೊತ್ತು. ಮಾಲೀಕರು ಅವನನ್ನು ಪೊಲೀಸರಿಗೆ ಒಪ್ಪಿಸಲಿಲ್ಲ. ಹೆಡ್ಡಾಫೀಸಿನಲ್ಲಿ ಎಲ್ಲವನ್ನೂ ಸ್ವಂತ ಕೈಯಲ್ಲಿ ಬರೆದುಕೊಡಬೇಕು, ಆಮೇಲಿನದು ಆಮೇಲೆ ಎಂದರು. ನಾನೂ ಅವನ ಜೊತೆ ಹೊರಟೆ. ನಾದಿನಿ ಕಣ್ಣುಗಳ ಹೆಸರು ಸರಿಪಡಿಸಿ ಮರುದಿನದ ಲಾರಿಯಲ್ಲಿ ಬರುತ್ತೇನೆಂದು ಉಳಿದಳು. ಸೀಟಿ ಮಾಮ ಸರಳು ಹಿಡಿದುಕೊಂಡು ಅವಳ ಹಿಂದೆ ಹಿಂದೆ ತಿರುಗುತ್ತಿದ್ದ. "ಇದು ಎಡಗಣ್ಣು ತಾನೆ ತಾಯಿ?" ಎನ್ನುತ್ತಿದ್ದ.

ಜೀಪಿನ ಹಿಂದಿನ ಸೀಟಿನಲ್ಲಿ ಪುಟ್ಟ ಕಿಟಕಿಗೆ ಮುಖ ಮಾಡಿ ಕೂತಿದ್ದ. ನಾನು ಅವನ ಪಕ್ಕ. ಅವನ ತಲೆ ಸವರಬೇಕೆನ್ನಿಸಿತು, ಸವರಲಿಲ್ಲ. ಡ್ರೈವರ್ ಇಂಜಿನ್ ಚಾಲೂ ಮಾಡಿದ.

ಅಡುಗೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬೇಗ ಬೇಗ ಬಂದಳು. ಬಟ್ಟೆಯಲ್ಲಿ ಕಟ್ಟಿದ ಊಟದ ಡಬ್ಬಿ ನನ್ನ ಕಡೆಯ ಕಿಟಕಿಯಿಂದ ಒಳಗೆ ಚಾಚಿದಳು, ನನ್ನನ್ನು ದಾಟಿ, ಅವನ ಕಡೆಗೆ. ಅವನು ತಿರುಗಲಿಲ್ಲ. ಆಕೆ ಕೈ ಹಿಂದೆಗೆಯಲಿಲ್ಲ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವರು" ಎಂದಳು ನನಗೆ, ಮೆಲ್ಲಗೆ.

ಅವನು ಎರಡೂ ಕೈ ಚಾಚಿ ತೆಗೆದುಕೊಳ್ಳುವವರೆಗೂ ಡಬ್ಬಿ ಹಾಗೇ ಹಿಡಿದು ನಿಂತಿದ್ದಳು.